ಮೂರು ಕಂದೀಲು, ಎರಡು ಲೆನ್ಸು

ಹಂಪಣ್ಣ ಕೌಂಟರಿನ ಮೇಲೆ ಹಳದಿ ಬಟ್ಟೆ ಹಾಸಿ
ಎರಡನ್ನೂ ಇಟ್ಟ. ಎರಡೂ ಮೂವತ್ತೈದರವು,
ಎರಡೂ ಜೂಮ್ ಇಲ್ಲದವು; ಹತ್ತಿರ ಬೇಕೆಂದರೆ
ನಾನೇ ಹೆಜ್ಜೆ ಹಾಕಬೇಕು.

“ಇದು ಒಂದು ಪಾಯಿಂಟ್ ನಾಲ್ಕು, ಕಣ್ಣು ಪೂರಾ ತೆರೀತದ.
ಇದು ಎರಡು. ಆದ್ರ ಕೈ ನಡುಗಿದ್ರ ತಡೀತದ.
ಎರಡೂ ಒಂದರಾಗ ಬೇಕಂದ್ರ
ನನ್ನ ಅಂಗಡಿ ಮಾರಿದ್ರೂ ಬರಂಗಿಲ್ಲ ಅಕ್ಕಾ.
ಒಂದೊಂದು ರಾತ್ರಿ ಒಯ್ದು ನೋಡ್ರಿ. ಧೂಳ ಕುಂಡ್ರಿಸಬ್ಯಾಡ್ರಿ.”

ರಾಯಚೂರಿನಲ್ಲಿ ಧೂಳು ಕೂರಿಸಬೇಡ ಅನ್ನುವವನನ್ನು ನೋಡಿ ನಕ್ಕು
ಮೊದಲನೆಯದನ್ನು ದುಪಟ್ಟಾದಲ್ಲಿ ಸುತ್ತಿಕೊಂಡೆ.

ನಂಬರು ಸಣ್ಣದಾದಷ್ಟೂ ಬಾಗಿಲು ದೊಡ್ಡದು.
ಈ ಉಲ್ಟಾ ಲೆಕ್ಕ ತಲೆಗೆ ಹತ್ತಲು
ಹದಿನೇಳನೇ ವಯಸ್ಸಿನ ಒಂದು ಬೇಸಿಗೆ ಪೂರ್ತಿ ಬೇಕಾಯಿತು.
ಬಂದೇನವಾಜ್ ಉಸ್ತಾದರು ಸ್ಟುಡಿಯೋದ ಕಿಟಕಿ
ಅರ್ಧ ಮುಚ್ಚಿ, ಪೂರ್ತಿ ತೆಗೆದು,
ನೆಲದ ಮೇಲೆ ಬಿದ್ದ ಬಿಸಿಲನ್ನು ಗೇಣಿನಲ್ಲಿ ಅಳೆದು ತೋರಿಸಿದ್ದರು.
ಆಗ ನಡುಕ ತಡೆಯುವ ಯಂತ್ರವೆಂದರೆ
ಪಕ್ಕೆಗೆ ಒತ್ತಿದ ಎರಡು ಮೊಣಕೈ,
ಬಿಟ್ಟ ಉಸಿರಿಗೂ ಎಳೆಯುವ ಉಸಿರಿಗೂ ನಡುವೆ
ಸಿಗುವ ಖಾಲಿ ಜಾಗ.
“ಅಲ್ಲಿ ಒತ್ತು ಬೇಟಿ. ಅಲ್ಲಿ ಯಾರೂ ಇರಂಗಿಲ್ಲ.”

ಮೊದಲ ರಾತ್ರಿ ತೀನ್ ಕಂದೀಲ್.
ಹೆಸರಿಗೆ ಮೂರು ಕಂದೀಲು; ಬೆಳಕು ಮಾತ್ರ
ಜ್ಯೂಸ್ ಅಂಗಡಿಯ ಟ್ಯೂಬ್‌ಲೈಟು, ತಿರುಗುವ ಆಟೋಗಳದು.
ಚಹಾದ ರಫಿ ಎತ್ತರದಿಂದ ಸುರಿದ ಚಹಾ
ಗಾಳಿಯಲ್ಲೇ ನಿಂತಿತು, ಕಂದು ಲಾಡಿಯ ಹಾಗೆ.
ಹಿಂದಿನ ದೀಪಗಳೆಲ್ಲ ಕರಗಿ ಬೋರೆಹಣ್ಣಿನಷ್ಟು ದುಂಡು.
ಆದರೆ ರಫಿಯ ರೆಪ್ಪೆ ಸಿಕ್ಕರೆ ಕಿವಿ ಇಲ್ಲ,
ಕಿವಿ ಸಿಕ್ಕರೆ ರಫಿ ಇಲ್ಲ.
ಒಂದಿಷ್ಟು ವಾಲಿದ; ಹೋದ.
ಮೂವತ್ತೆರಡರಲ್ಲಿ ನಾಲ್ಕು ಉಳಿದವು.

ಎರಡನೇ ರಾತ್ರಿ ಅದೇ ಜಾಗ, ಇನ್ನೊಂದು ಲೆನ್ಸು.
ಕಾಲು ಸೆಕೆಂಡು ಕೈಯಲ್ಲೇ ಹಿಡಿದೆ, ನಂಬಿಕೆಯಿಲ್ಲದೆ.
ಗೋಡೆಯ ಸುಣ್ಣದ ಬಿರುಕು, ಬೋರ್ಡಿನ ಮೂರು ಭಾಷೆ,
ಕೆಟಲಿನ ನೆಗ್ಗು, ಎಲ್ಲ ಇದ್ದಲ್ಲೇ ಇದ್ದವು.
ರಫಿ ಮಾತ್ರ ಹೊಗೆ.
ಅದಕ್ಕೆ ನನ್ನ ಕೈಯ ಸುದ್ದಿ ಅಷ್ಟೇ ಗೊತ್ತು,
ಊರಿನ ಸುದ್ದಿ ಗೊತ್ತಿಲ್ಲ.

ಲೆಕ್ಕ ಮುಗಿಯಿತು ಅಂದುಕೊಂಡೆ.

ಬೆಳಿಗ್ಗೆ ಎರಡನ್ನೂ ತಗೊಂಡು
ಮಾವಿನ ಕೆರೆಯ ಹಿಂದಿನ ಓಣಿಗೆ ಹೋದೆ.
ಕರೆಂಟ್ ಹೋಗಿತ್ತು. ಉಸ್ತಾದರು ಮಂಚದ ಮೇಲೆ,
ಮೊಣಕಾಲ ಮೇಲೆ ಎರಡು ಕೈ.
ಆ ಕೈಗಳಿಗೆ ಈಗ ಸುಮ್ಮನಿರಲು ಬರುವುದಿಲ್ಲ.
ಎರಡು ವರ್ಷವಾಯಿತು; ಬಸಿ ಹಿಡಿದರೆ ಕಪ್ಪು ಮಾತಾಡುತ್ತದೆ.

“ನನ್ನ ಮ್ಯಾಲೇ ಪರೀಕ್ಷೆ ಮಾಡು” ಅಂದರು.

ಮೊದಲನೆಯದರಲ್ಲಿ ಆ ಕೈ ಕಲ್ಲಲ್ಲಿ ಕಡೆದದ್ದು.
ಉಗುರು, ನರ, ಬೆಳ್ಳಿ ಉಂಗುರ,
ಡೆವಲಪರಿನಲ್ಲಿ ಅದ್ದಿ ಅದ್ದಿ ಕಂದಿದ ಬೆರಳು.
ಎಂದೂ ನಡುಗದ ಕೈ.
ಎರಡನೆಯದರಲ್ಲಿ ಮಂಚ ಗಟ್ಟಿ, ಗೋಡೆ ಗಟ್ಟಿ,
ಮೊಳೆಗೆ ತೂಗಿದ ಟೋಪಿ ಗಟ್ಟಿ, ಮುಖವೂ ಸುಮಾರು ಗಟ್ಟಿ;
ಮೊಣಕಾಲ ಮೇಲೆ ಮಾತ್ರ
ಹಿಂಜಿದ ಹತ್ತಿಯ ಹಾಗೆ ಏನೋ ಬೆಳ್ಳಗೆ.

ಕ್ಯಾಮರಾದ ಬೆನ್ನನ್ನು ಮೂಗಿನ ಹತ್ತಿರ ತಂದು
ಹಿಂದೆ ಮುಂದೆ ಮಾಡಿ ನೋಡಿದರು.
ಮೊದಲನೆಯದಕ್ಕೆ, “ಫೋಕಸ್ ಚಲೋ ಅದ.”
ಎರಡನೆಯದಕ್ಕೆ ಬಹಳ ಹೊತ್ತು ಏನೂ ಅನ್ನಲಿಲ್ಲ.
“ಇದರಾಗ ನಾ ಇನ್ನೂ ಅದೀನಿ.”

ಆಮೇಲೆ, ಬೆಲೆ ಕೇಳದೆ:
“ಮದುವಿ ಸೀಜನ್ ಬಂತು. ಅರಿಷಿಣದ ರಾತ್ರಿ
ಯಾರೂ ಸುಮ್ಮ ಕುಂಡ್ರಂಗಿಲ್ಲ. ಅಗಲ ಬಾಗಿಲದ್ದು ತಗೋ.”

ತಗೊಂಡೆ. ಮೂರು ಕಂತು.

ಇನ್ನೊಂದನ್ನು ಹಿಂದಿರುಗಿಸಲು ಸಂಜೆ ನಡೆದು ಹೋಗುವಾಗ
ಚೀಲದಲ್ಲಿ ಗಿಲಕ್ ಗಿಲಕ್.
ಒಡೆದೇ ಹೋಯಿತೆಂದು ಎದೆ ಧಸಕ್ಕೆಂದಿತು.
“ಒಡದಿಲ್ಲ ಅಕ್ಕಾ. ಆಫ್ ಇದ್ದಾಗ
ಒಳಗಿನ ಒಂದು ಗಾಜು ಸಡಿಲ ಇರ್ತದ.
ಅದು ಸಡಿಲ ಇದ್ದದ್ದಕ್ಕೇ ಚಿತ್ರ ನಿಲ್ಲೋದು.”

ಕಿವಿಗೆ ಹಿಡಿದು ಇನ್ನೊಮ್ಮೆ ಅಲ್ಲಾಡಿಸಿದೆ.
ಬಸಿಯ ಮೇಲಿನ ಕಪ್ಪು. ಅದೇ ಸದ್ದು.